ಗರ್ಭ ನಿಂತಿದೆ, ಆದರೆ ಎಲ್ಲಿ?

ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿವೆ. ಸ್ಕ್ಯಾನಿಂಗ್ ಮಾಡಿದರೆ ಗರ್ಭಕೋಶ ಖಾಲಿ. ಇದಕ್ಕೆ ಮೂರು ಅರ್ಥಗಳಿವೆ. ಗರ್ಭ ಇನ್ನೂ ಕಣ್ಣಿಗೆ ಬೀಳದಷ್ಟು ಎಳೆಯದಿರಬಹುದು, ಆಗಲೇ ಇಳಿದುಹೋಗಿರಬಹುದು, ಇಲ್ಲವೇ ಇರಬಾರದ ಜಾಗದಲ್ಲಿ ಅಂಟಿಕೊಂಡಿರಬಹುದು. ಮೊದಲಿನ ಎರಡಕ್ಕೆ ಕಾಲ ಕೊಟ್ಟು ನೋಡಬಹುದು. ಮೂರನೆಯದಕ್ಕೆ ಕಾಲ ಕೊಟ್ಟರೆ ಹೊಟ್ಟೆಯೊಳಗೆ ರಕ್ತ ಹರಿಯುತ್ತದೆ.

ಈ ಮೂರನೆಯದನ್ನೇ ವೈದ್ಯರು ಎಕ್ಟೋಪಿಕ್ ಎನ್ನುತ್ತಾರೆ. ನಮ್ಮ ಕಡೆ ‘ನಳಿಕೆಯಲ್ಲಿ ಗರ್ಭ ನಿಂತಿದೆ’ ಎಂದು ಹೇಳುವುದು ರೂಢಿ. ಬಹುಪಾಲು ಸಂದರ್ಭಗಳಲ್ಲಿ ಆ ಮಾತು ಸರಿಯೇ. ನೂರು ಗರ್ಭಗಳಲ್ಲಿ ಒಂದೆರಡು ಹೀಗೆ ದಾರಿ ತಪ್ಪುತ್ತವೆ. ದಾರಿ ತಪ್ಪಿದ ನೂರರಲ್ಲಿ 90ಕ್ಕೂ ಹೆಚ್ಚು ಗರ್ಭನಾಳದಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಉಳಿದ ಬೆರಳೆಣಿಕೆಯವು ಸಿಜೇರಿಯನ್ ಹೊಲಿಗೆಯ ಕಲೆಯಲ್ಲಿ, ಗರ್ಭಕಂಠದಲ್ಲಿ, ನಾಳವು ಗರ್ಭಕೋಶದ ಗೋಡೆಯನ್ನು ಹೊಕ್ಕ ಮೂಲೆಯಲ್ಲಿ, ಅಂಡಾಶಯದಲ್ಲಿ, ಅಪರೂಪಕ್ಕೆ ಕರುಳಿನ ಪಕ್ಕದಲ್ಲಿ ನೆಲೆಸುತ್ತವೆ. ಈ ಲೇಖನ ಆ ಬೆರಳೆಣಿಕೆಯವುಗಳ ಬಗ್ಗೆ. ಎಣಿಕೆಯಲ್ಲಿ ಕಡಿಮೆ ಎಂದು ಅವುಗಳನ್ನು ಬದಿಗಿಡುವಂತಿಲ್ಲ. ನಳಿಕೆಯ ಗರ್ಭಕ್ಕೆ ಒಗ್ಗುವ ಚಿಕಿತ್ಸೆ ಇವುಗಳಲ್ಲಿ ಕೆಲವಕ್ಕೆ ಒಗ್ಗುವುದಿಲ್ಲ. ಗರ್ಭಪಾತಕ್ಕೆ ಮಾಡುವ ಸಾಮಾನ್ಯ ಕ್ಯುರೆಟಿಂಗ್ (ಗರ್ಭಕೋಶದ ಒಳಭಾಗವನ್ನು ಕೆರೆದು ತೆಗೆಯುವುದು) ಇವುಗಳಲ್ಲಿ ಕೆಲವಕ್ಕೆ ನೇರ ಅಪಾಯ.

ಪತ್ತೆಯ ಕೆಲಸ ರಕ್ತದಿಂದ ಶುರುವಾಗುತ್ತದೆ. ಗರ್ಭ ನಿಂತ ಮೇಲೆ ರಕ್ತದಲ್ಲಿ ಬೀಟಾ ಎಚ್‌ಸಿಜಿ ಎಂಬ ಹಾರ್ಮೋನು ಏರುತ್ತದೆ. ಆರೋಗ್ಯವಂತ ಗರ್ಭದ ಆರಂಭದ ದಿನಗಳಲ್ಲಿ ಇದು 48 ಗಂಟೆಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಹೆಚ್ಚಬೇಕು. ಹಾಗೆ ಏರದೆ, ಇಳಿಯಲೂ ಇಳಿಯದೆ ಕುಂಟುತ್ತಿದ್ದರೆ ಅನುಮಾನ ಬರುತ್ತದೆ. ಒಂದೇ ಸಲದ ಸಂಖ್ಯೆಯಿಂದ ತಿಳಿಯುವುದು ಬಹಳ ಕಡಿಮೆ. ಎರಡು ಸಂಖ್ಯೆಗಳ ನಡುವಿನ ಅಂತರವೇ ಮಾತನಾಡುತ್ತದೆ. ಇಲ್ಲೊಂದು ಸಣ್ಣ ಸಂಗತಿ ನಮ್ಮ ಜಿಲ್ಲೆಗಳಲ್ಲಿ ದೊಡ್ಡದಾಗುತ್ತದೆ. ಇಂಡಿ ಪಟ್ಟಣದ ಲ್ಯಾಬಿನಲ್ಲಿ ಮೊದಲ ರಕ್ತ ಕೊಟ್ಟು, ಎರಡು ದಿನ ಬಿಟ್ಟು ವಿಜಯಪುರದ ಬೇರೊಂದು ಲ್ಯಾಬಿನಲ್ಲಿ ಎರಡನೆಯದನ್ನು ಕೊಟ್ಟರೆ ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಕಷ್ಟ. ಯಂತ್ರ ಬೇರೆ, ವಿಧಾನ ಬೇರೆ. ಎರಡೂ ಸಲ ಒಂದೇ ಲ್ಯಾಬು ಎಂಬ ನಿಯಮವನ್ನು ವೈದ್ಯರು ಚೀಟಿಯ ಮೇಲೆ ಬರೆದೇ ಕೊಟ್ಟರೆ ಒಳ್ಳೆಯದು.

ರಕ್ತ ಅನುಮಾನ ಹುಟ್ಟಿಸುತ್ತದೆ, ಜಾಗ ತೋರಿಸುವುದು ಸ್ಕ್ಯಾನಿಂಗ್. ಅದರಲ್ಲೂ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್. ಹೊಟ್ಟೆಯ ಮೇಲಿಂದ ಮಾಡಿದಾಗ ಮಸುಕಾಗಿ ಕಾಣುವುದು ಇದರಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ‘ಕೆಳಗಿನ ಸ್ಕ್ಯಾನಿಂಗ್’ ಎಂದರೆ ಅನೇಕ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಗರ್ಭಕ್ಕೆ ತೊಂದರೆಯಾದೀತು ಎಂಬ ಭಯವೂ ಇದೆ. ತೊಂದರೆ ಆಗುವುದಿಲ್ಲ. ಎಚ್‌ಸಿಜಿ 3500ರ ಆಸುಪಾಸು ದಾಟಿದ ಮೇಲೂ ಗರ್ಭಕೋಶದಲ್ಲಿ ಭ್ರೂಣಚೀಲ ಕಾಣದಿದ್ದರೆ ಬೇರೆಲ್ಲಿದೆ ಎಂದು ಹುಡುಕಲೇಬೇಕು. ಆ ಹುಡುಕಾಟ ನಳಿಕೆಗಳನ್ನು ನೋಡಿದಲ್ಲಿಗೆ ಮುಗಿಯಬಾರದು.

ನನ್ನ ಮಟ್ಟಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಸಿಜೇರಿಯನ್ ಕಲೆಯಲ್ಲಿ ನಿಲ್ಲುವ ಗರ್ಭ. ವೈದ್ಯಕೀಯ ಬರಹಗಳಲ್ಲಿ ಇದು ಮೊದಲ ಬಾರಿಗೆ ವರದಿಯಾದದ್ದು 1978ರಲ್ಲಿ. ಇಂದು ಸುಮಾರು ಎರಡು ಸಾವಿರ ಗರ್ಭಗಳಿಗೆ ಒಂದು ಎಂಬ ಅಂದಾಜಿದೆ. ಹೆಚ್ಚಳಕ್ಕೆ ಕಾರಣ ಗುಟ್ಟೇನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5ರಷ್ಟು ಸಿಜೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 23.6 ಇತ್ತು. ಕೊಯ್ದ ಪ್ರತಿ ಗರ್ಭಕೋಶದ ಮುಂಗೋಡೆಯಲ್ಲಿ ಒಂದು ಕಲೆ ಉಳಿಯುತ್ತದೆ. ಕೆಲವರಲ್ಲಿ ಆ ಕಲೆ ಪೂರ್ತಿ ಕೂಡಿರುವುದಿಲ್ಲ, ಸಣ್ಣ ಬಿರುಕು ಉಳಿದಿರುತ್ತದೆ. ಮುಂದಿನ ಗರ್ಭ ಆ ಬಿರುಕಿನೊಳಗೆ ಸೇರಿಕೊಂಡರೆ ಕಥೆ ಶುರು. ವಿಜಯಪುರದ ಹಳೆಯ ಕೋಟೆಗೋಡೆಯ ಸಂದಿಯಲ್ಲಿ ಬೆಳೆದ ಅರಳಿ ಸಸಿಯನ್ನು ಕಿತ್ತು ನೋಡಿದವರಿಗೆ ಗೊತ್ತು: ಸಸಿಯೊಂದೇ ಕೈಗೆ ಬರುವುದಿಲ್ಲ, ಗಾರೆಯೂ ಕಿತ್ತು ಬರುತ್ತದೆ. ಕಲೆಯಲ್ಲಿ ನಿಂತ ಗರ್ಭವನ್ನು ಕುರುಡಾಗಿ ಕೆರೆದು ತೆಗೆಯಲು ಹೋದಾಗ ಆಗುವುದೂ ಅದೇ. ಆ ಭಾಗದಲ್ಲಿ ಕುಗ್ಗಿ ರಕ್ತನಾಳಗಳನ್ನು ಬಿಗಿಯುವಷ್ಟು ಸ್ನಾಯು ಇಲ್ಲ, ರಕ್ತ ನಿಲ್ಲುವುದಿಲ್ಲ.

ಮುಧೋಳ ಕಡೆಯ ಒಬ್ಬ ಹೆಣ್ಣುಮಗಳು ಎಂದಿಟ್ಟುಕೊಳ್ಳೋಣ. ಎರಡು ಸಿಜೇರಿಯನ್ ಆಗಿವೆ. ಕೊನೆಯ ಮುಟ್ಟಿನಿಂದ ಏಳು ವಾರ. ಒಂದೆರಡು ಹನಿ ರಕ್ತ ಕಂಡಿದೆ, ನೋವಿಲ್ಲ. ಹೀಗೆ ಗರ್ಭ ನಿಂತವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಯಾವ ಲಕ್ಷಣವೂ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು. ಸ್ಕ್ಯಾನಿಂಗ್ ಪರದೆಯ ಮೇಲೆ ವೈದ್ಯರು ಗರ್ಭಕೋಶವನ್ನು ಉದ್ದಕ್ಕೆ ನೋಡುತ್ತಾರೆ. ಎದುರಿಗೆ ಕಪ್ಪಾಗಿ ಕಾಣುವುದು ಮೂತ್ರಕೋಶ, ಅದರ ಹಿಂದೆ ಬೂದು ಬಣ್ಣದ ಗರ್ಭಕೋಶ. ಮೇಲ್ಭಾಗ ಖಾಲಿ, ಕಂಠವೂ ಖಾಲಿ. ಭ್ರೂಣಚೀಲ ಎರಡರ ನಡುವೆ, ಮೂತ್ರಕೋಶಕ್ಕೆ ಒತ್ತಿಕೊಂಡು ಕುಳಿತಿದೆ. ಚೀಲಕ್ಕೂ ಮೂತ್ರಕೋಶಕ್ಕೂ ನಡುವೆ ಉಳಿದಿರುವ ಗೋಡೆಯನ್ನು ಅಳೆಯುತ್ತಾರೆ: ಎರಡು ಮಿಲಿಮೀಟರ್. ಡಾಪ್ಲರ್ ಹಾಕಿದರೆ ಚೀಲದ ಸುತ್ತ ರಕ್ತದ ಹರಿವು ಕೆಂಪು ನೀಲಿಯಾಗಿ ಮಿನುಗುತ್ತದೆ. ಸುಲಭವಾದ ಇನ್ನೊಂದು ಉಪಾಯವೂ ಇದೆ. ಕಂಠದ ತುದಿಯಿಂದ ಗರ್ಭಕೋಶದ ನೆತ್ತಿಯವರೆಗೆ ಗೆರೆ ಎಳೆದು ಅದರ ನಡುಬಿಂದು ಗುರುತಿಸುವುದು. ಐದರಿಂದ ಹತ್ತು ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ ಚೀಲದ ಕೇಂದ್ರ ಆ ನಡುಬಿಂದುವಿಗಿಂತ ಕೆಳಗಿದ್ದರೆ ಅನುಮಾನ ಪಡಲೇಬೇಕು.

ವಾರಗಳ ಲೆಕ್ಕ ಇಲ್ಲಿ ಬಹಳ ಮುಖ್ಯ. ದಿನ ಕಳೆದಂತೆ ಚೀಲ ಖಾಲಿ ಜಾಗವಿದ್ದ ಕಡೆ, ಅಂದರೆ ಮೇಲಕ್ಕೆ, ಹಿಗ್ಗುತ್ತದೆ. ಹನ್ನೆರಡನೆಯ ವಾರಕ್ಕೆ ಮೊದಲ ಸ್ಕ್ಯಾನಿಂಗ್‌ಗೆ ಬಂದರೆ ಮಗು ಗರ್ಭಕೋಶದೊಳಗೇ ಇರುವಂತೆ ಕಾಣುತ್ತದೆ, ಮಾಸು ಮಾತ್ರ ಕಲೆಯೊಳಗೆ ಇಳಿದಿರುತ್ತದೆ. ನಮ್ಮಲ್ಲಿ ಮೂರು ತಿಂಗಳು ತುಂಬಿದ ಮೇಲೆಯೇ ಗರ್ಭದ ಸುದ್ದಿ ಹೊರಗೆ ಹೇಳುವ, ಆಮೇಲೆಯೇ ತಾಯಿ ಕಾರ್ಡ್ ಮಾಡಿಸುವ ಮನೆಗಳು ಇನ್ನೂ ಇವೆ. ಸಂಪ್ರದಾಯದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಿಂದೆ ಸಿಜೇರಿಯನ್ ಆದವಳು ಆರೇಳು ವಾರಕ್ಕೆ ಒಂದು ಸ್ಕ್ಯಾನಿಂಗ್ ಮಾಡಿಸಲೇಬೇಕು. ಊರಿಗೆಲ್ಲ ಹೇಳುವುದು ಬಿಡುವುದು ಅವರವರಿಗೆ ಬಿಟ್ಟದ್ದು.

ಅಲ್ಲಿಂದ ಮುಂದೆ ಕಷ್ಟದ ಮಾತುಕತೆ. ಚೀಲದೊಳಗೆ ಹೃದಯ ಬಡಿಯುತ್ತಿರುತ್ತದೆ. “ಬಾಯಾರೇ, ಎದೆಬಡಿತ ಇದೆ ಎಂದು ನೀವೇ ಹೇಳಿದಿರಿ. ಮತ್ತೆ ನೀವೇ ತೆಗೆಯಬೇಕು ಎನ್ನುತ್ತೀರಲ್ಲ?” ಎಂದು ಅತ್ತೆ ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ಇಂಥ ಗರ್ಭ ಮುಂದುವರಿದು ಮಗು ಬದುಕಿ ಬಂದದ್ದೂ ಉಂಟು. ಆದರೆ ಮಾಸು ಗೋಡೆಯನ್ನು ಕೊರೆದು ಮೂತ್ರಕೋಶದವರೆಗೂ ಹೋಗಬಹುದು, ಗರ್ಭಕೋಶ ಒಡೆಯಬಹುದು, ಹೆರಿಗೆಯ ಹೊತ್ತಿಗೆ ರಕ್ತಸ್ರಾವ ತಡೆಯಲು ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಆದ್ದರಿಂದ ಅಮೆರಿಕದ ತಾಯಿ-ಭ್ರೂಣ ವೈದ್ಯಶಾಸ್ತ್ರ ಸಂಘವು ಇಂಥ ಗರ್ಭವನ್ನು ಹಾಗೆಯೇ ಬಿಟ್ಟು ಕಾಯದಿರುವುದು ಒಳಿತು ಎಂದು 2020ರಲ್ಲಿ ಸಲಹೆ ಕೊಟ್ಟಿದೆ. ಗರ್ಭ ಕರಗಿಸುವ ಔಷಧದ ಚುಚ್ಚುಮದ್ದನ್ನು ಸೊಂಟಕ್ಕೆ ಮಾತ್ರ ಕೊಟ್ಟು ಮುಗಿಸುವುದನ್ನೂ ಅದು ಒಪ್ಪುವುದಿಲ್ಲ. ಸ್ಕ್ಯಾನಿಂಗ್ ನೋಡುತ್ತಲೇ ಸೂಜಿಯಿಂದ ಚೀಲದೊಳಗೆ ನೇರವಾಗಿ ಔಷಧ ಬಿಡುವುದು, ಸ್ಕ್ಯಾನಿಂಗ್ ಕಣ್ಗಾವಲಿನಲ್ಲಿ ಸಕ್ಷನ್‌ನಿಂದ ಹೀರಿ ತೆಗೆಯುವುದು, ರಕ್ತ ಬಂದರೆ ಬಲೂನು ಉಬ್ಬಿಸಿ ಒತ್ತಿ ಹಿಡಿಯುವುದು, ದುರ್ಬೀನಿನ ಮೂಲಕ ಗರ್ಭವನ್ನು ತೆಗೆದು ಕಲೆಯನ್ನು ಮತ್ತೆ ಹೊಲಿಯುವುದು ಇವೆಲ್ಲ ಇರುವ ದಾರಿಗಳು. ಯಾವುದು ಸರಿ ಎಂಬುದು ವಾರ, ಗೋಡೆಯ ದಪ್ಪ, ಆಕೆಗೆ ಇನ್ನೂ ಮಕ್ಕಳು ಬೇಕೇ ಎಂಬುದರ ಮೇಲೆ ನಿಲ್ಲುತ್ತದೆ. ನಿರ್ಧಾರ ಆಕೆಯದು; ಕೋಣೆಯಲ್ಲಿ ಮಾತು ನಡೆಯುವಾಗ ಆಕೆ ಹೊರಗಿನ ಬೆಂಚಿನ ಮೇಲೆ ಕುಳಿತಿರುವುದು ಸರಿಯಲ್ಲ.

ಗರ್ಭಕಂಠದಲ್ಲಿ ನಿಲ್ಲುವ ಗರ್ಭ ಇದರ ನೆರೆಯದು. ಇಲ್ಲಿನ ಬಲೆ ಎಂದರೆ, ಇಳಿದುಹೋಗುತ್ತಿರುವ ಗರ್ಭವೂ ಒಂದು ಹಂತದಲ್ಲಿ ಕಂಠದಲ್ಲಿಯೇ ಇರುತ್ತದೆ. ಎರಡನ್ನೂ ಬೇರ್ಪಡಿಸಲು ವೈದ್ಯರು ಸ್ಕ್ಯಾನಿಂಗ್ ಸಾಧನದಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಇಳಿಯುತ್ತಿರುವ ಚೀಲ ಜಾರುತ್ತದೆ. ಅಂಟಿಕೊಂಡದ್ದು ಕದಲುವುದಿಲ್ಲ, ಸುತ್ತ ರಕ್ತದ ಹರಿವೂ ಕಾಣುತ್ತದೆ. ಈ ಅರ್ಧ ನಿಮಿಷದ ಪರೀಕ್ಷೆ ಮಾಡದೆ ‘ಅಪೂರ್ಣ ಗರ್ಭಪಾತ’ ಎಂದು ಬರೆದು ಕ್ಯುರೆಟಿಂಗ್‌ಗೆ ಕೈ ಹಾಕಿದರೆ ಮೇಜಿನ ಮೇಲೆಯೇ ರಕ್ತದ ಕೋಡಿ ಹರಿಯುತ್ತದೆ. ಮೊದಲೇ ಗೊತ್ತಾದರೆ ಔಷಧದಿಂದಲೇ ಹೆಚ್ಚಿನವು ಕರಗುತ್ತವೆ.

ನಾಳವು ಗರ್ಭಕೋಶದ ಗೋಡೆಯನ್ನು ತೂರಿ ಬರುವ ಸುಮಾರು ಒಂದು ಸೆಂಟಿಮೀಟರ್ ಭಾಗದಲ್ಲಿ ನಿಂತರೆ ಅದಕ್ಕೆ ಇಂಟರ್‌ಸ್ಟಿಷಿಯಲ್ ಎಂದು ಹೆಸರು. ಎಲ್ಲ ಎಕ್ಟೋಪಿಕ್‌ಗಳಲ್ಲಿ ಶೇ. 2ರಿಂದ 4 ಇಂಥವು. ಸುತ್ತ ಸ್ನಾಯು ಇರುವುದರಿಂದ ಇದು ನಳಿಕೆಗಿಂತ ಹೆಚ್ಚು ಹಿಗ್ಗುತ್ತದೆ, ತಡವಾಗಿ ಒಡೆಯುತ್ತದೆ. ಗರ್ಭಕೋಶದ ಮತ್ತು ಅಂಡಾಶಯದ ರಕ್ತನಾಳಗಳು ಸೇರುವ ಮೂಲೆ ಅದು, ಒಡೆದರೆ ಭೀಕರ. ಮಸುಕು ಕಣ್ಣಿಗೆ ಇದು ಗರ್ಭಕೋಶದೊಳಗಿನ ಗರ್ಭದಂತೆಯೇ ಕಾಣುತ್ತದೆ. ಚೀಲದ ಹೊರಗಿನ ಸ್ನಾಯು ಪದರ 5 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ, ಚೀಲ ಗರ್ಭಕೋಶದ ಒಳಪೊರೆಯಿಂದ ಬೇರೆಯಾಗಿ ನಿಂತಿದ್ದರೆ ಎಚ್ಚರ. ಅನುಮಾನವಿದ್ದರೆ ತ್ರಿ-ಆಯಾಮದ ಸ್ಕ್ಯಾನಿಂಗ್ ಅಥವಾ ಎಂಆರ್‌ಐ ನೆರವಿಗೆ ಬರುತ್ತದೆ. ಎಕ್ಟೋಪಿಕ್‌ಗೆ ಮೆಥೊಟ್ರೆಕ್ಸೇಟ್ ಎಂಬ, ಗರ್ಭ ಕರಗಿಸುವ ಔಷಧವನ್ನು ಜಪಾನಿನಲ್ಲಿ ಬಳಸಿದ ಮೊದಲ ವರದಿ, 1982ರದು, ಇಂಥದೇ ಗರ್ಭದ್ದು. ಅಪರೂಪದ ರೂಪಕ್ಕೆ ಹುಡುಕಿದ ಮದ್ದು ಆಮೇಲೆ ಸಾಮಾನ್ಯ ರೂಪದ ಮದ್ದಾಯಿತು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಡಾಶಯದ ಗರ್ಭ ಸ್ಕ್ಯಾನಿಂಗ್‌ನಲ್ಲಿ ರಕ್ತ ತುಂಬಿದ ಗುಳ್ಳೆಯಂತೆ ಕಾಣುವುದರಿಂದ ಎಷ್ಟೋ ಸಲ ಶಸ್ತ್ರಚಿಕಿತ್ಸೆಯ ನಂತರ ಪೆಥಾಲಜಿ ವರದಿ ಬಂದಾಗಲೇ ಖಾತ್ರಿಯಾಗುತ್ತದೆ. ಹೊಟ್ಟೆಯೊಳಗಿನ ಗರ್ಭ ಬಹಳ ವಿರಳ. ಅದರಲ್ಲಿ ಮಾಸು ಕರುಳಿಗೋ ದೊಡ್ಡ ರಕ್ತನಾಳಕ್ಕೋ ಅಂಟಿದ್ದರೆ ಅದನ್ನು ಕೀಳದೆ ಅಲ್ಲಿಯೇ ಬಿಟ್ಟು ಹೊಟ್ಟೆ ಮುಚ್ಚುವುದೇ ಜಾಣತನ. ಹುಟ್ಟಿನಿಂದಲೇ ಗರ್ಭಕೋಶ ಅರ್ಧ ಬೆಳೆದು, ಪಕ್ಕದಲ್ಲಿ ಕುರುಡು ಕೊಂಬೊಂದು ಉಳಿದವರಲ್ಲಿ ಆ ಕೊಂಬಿನಲ್ಲಿ ಗರ್ಭ ನಿಂತು ನಾಲ್ಕೈದು ತಿಂಗಳವರೆಗೂ ಬೆಳೆದು ಒಡೆಯಬಹುದು, ಕೊಂಬನ್ನೇ ತೆಗೆಯಬೇಕಾಗುತ್ತದೆ. ಇನ್ನು ಒಂದು ಗರ್ಭಕೋಶದಲ್ಲಿ, ಇನ್ನೊಂದು ಹೊರಗೆ, ಹೀಗೆ ಎರಡೂ ಒಟ್ಟಿಗೆ ನಿಲ್ಲುವುದು ಸಹಜ ಗರ್ಭಗಳಲ್ಲಿ ಮೂವತ್ತು ಸಾವಿರಕ್ಕೆ ಒಂದು ಎಂಬುದು ಹಳೆಯ ಲೆಕ್ಕ. ಐವಿಎಫ್ ಮಾಡಿಸಿಕೊಂಡವರಲ್ಲಿ ಇದು ಎಷ್ಟೋ ಪಟ್ಟು ಹೆಚ್ಚು. ಐವಿಎಫ್ ಕೇಂದ್ರಗಳ ಫಲಕಗಳು ಈಗ ನಮ್ಮ ಊರುಗಳಲ್ಲಿಯೂ ಕಾಣುತ್ತಿರುವುದರಿಂದ, ‘ಗರ್ಭಕೋಶದಲ್ಲಿ ಚೀಲ ಇದೆ’ ಎಂದು ಕಂಡೊಡನೆ ಪರೀಕ್ಷೆ ನಿಲ್ಲಿಸುವ ಅಭ್ಯಾಸ ಅಲ್ಲಿ ಅಪಾಯಕಾರಿ. ಒಳಗಿನ ಮಗು ಉಳಿಯಬೇಕಾದ್ದರಿಂದ ಇಲ್ಲಿ ಮೆಥೊಟ್ರೆಕ್ಸೇಟ್ ಕೊಡುವಂತಿಲ್ಲ. ಶಸ್ತ್ರಚಿಕಿತ್ಸೆ ಇಲ್ಲವೇ ಹೊರಗಿನ ಚೀಲಕ್ಕೆ ಮಾತ್ರ ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚುವುದು ದಾರಿ.

ಮೆಥೊಟ್ರೆಕ್ಸೇಟ್ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ ಗಂಡ ‘ಇದು ಕ್ಯಾನ್ಸರ್ ಔಷಧ’ ಎಂದು ಗಾಬರಿಯಾಗುವುದು ಸಹಜ. ಹೌದು, ಅದನ್ನು ಕ್ಯಾನ್ಸರಿಗೂ ಕೊಡುತ್ತಾರೆ. ವೇಗವಾಗಿ ವಿಭಜಿಸುವ ಜೀವಕೋಶಗಳು ಫೋಲೇಟ್, ಅಂದರೆ ಫೋಲಿಕ್ ಆಸಿಡ್ ಜೀವಸತ್ವ, ಬಳಸದಂತೆ ಇದು ತಡೆಯುತ್ತದೆ. ಮಾಸಿನ ಕೋಶಗಳೂ ಅಂಥವೇ. ಸಾಮಾನ್ಯ ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 50 ಮಿಲಿಗ್ರಾಂ, ಸ್ನಾಯುವಿಗೆ ಒಂದು ಚುಚ್ಚುಮದ್ದು. ಆಶಾ ಕಾರ್ಯಕರ್ತೆ ಕೊಟ್ಟ ಫೋಲಿಕ್ ಆಸಿಡ್ ಗುಳಿಗೆಯನ್ನು ಆ ದಿನಗಳಲ್ಲಿ ನಿಲ್ಲಿಸಬೇಕು, ಇಲ್ಲವಾದರೆ ಒಂದು ಕೈ ಕಟ್ಟಿದ್ದನ್ನು ಇನ್ನೊಂದು ಕೈ ಬಿಚ್ಚಿದಂತಾಗುತ್ತದೆ. ಕೊಡುವ ಮೊದಲು ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ. ಕೊಟ್ಟ ಮೇಲೆ ನಾಲ್ಕನೆಯ ಮತ್ತು ಏಳನೆಯ ದಿನ ಎಚ್‌ಸಿಜಿ. ಆ ಎರಡರ ನಡುವೆ ಕನಿಷ್ಠ ಶೇ. 15 ಇಳಿಯಬೇಕು. ಬಳಿಕ ಅದು ಪೂರ್ತಿ ಇಲ್ಲವಾಗುವವರೆಗೆ ವಾರಕ್ಕೊಮ್ಮೆ ಪರೀಕ್ಷೆ. ನಡುವೆ ಹೊಟ್ಟೆನೋವು ಬರುವುದುಂಟು. ಅದು ಗರ್ಭ ಕರಗುವ ನೋವೋ ಒಡೆದ ನೋವೋ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದು.

ಅಂದರೆ ಈ ಚಿಕಿತ್ಸೆ ಅರ್ಧ ಔಷಧ, ಅರ್ಧ ಮರಳಿ ಬರುವ ಮಾತು. ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ನಾಳೆ ಬೇರೆ ತಾಲೂಕಿಗೆ ಹೊರಡುವವಳು, ಬಸ್ಸಿಲ್ಲದ ತೋಟದ ಮನೆಯವಳು ವಾರವಾರ ಬರಲಾರಳು. ಮರಳಿ ಬರಲಾಗದವರಿಗೆ ಈ ಔಷಧ ಕೊಡಬಾರದು ಎಂಬುದು ಪಠ್ಯದಲ್ಲಿಯೇ ಇರುವ ನಿಯಮ. ಆದ್ದರಿಂದ ‘ಚುಚ್ಚುಮದ್ದಿನಲ್ಲಿ ಆಗುವುದಕ್ಕೆ ಆಪರೇಶನ್ ಯಾಕೆ ಮಾಡಿದರು’ ಎಂದು ವೈದ್ಯರನ್ನು ದೂರುವ ಮೊದಲು ಆಕೆಯ ಊರು ಎಷ್ಟು ದೂರ ಎಂದು ಕೇಳಬೇಕು.

ಎರಡು ಸಂಗತಿಗಳು ಪತ್ತೆಯನ್ನೇ ತಡಮಾಡುತ್ತವೆ. ಮೊದಲನೆಯದು ಔಷಧ ಅಂಗಡಿಯ ಗರ್ಭಪಾತದ ಗುಳಿಗೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ ಕೈಗೆ ಸಿಗುತ್ತದೆ. ಅದರಲ್ಲಿರುವ ಮಿಸೊಪ್ರೊಸ್ಟಾಲ್ ಬಲು ಉಪಕಾರಿ ಔಷಧ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಣ್ಣುಮಕ್ಕಳ ಮೇಲೆ ನಡೆದು 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನವು ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ಈ ಗುಳಿಗೆ ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ತೋರಿಸಿತು. ಆದರೆ ಅದು ಕೆಲಸ ಮಾಡುವುದು ಗರ್ಭಕೋಶದ ಮೇಲೆ. ಹೊರಗೆ ನಿಂತ ಗರ್ಭ ಅದಕ್ಕೆ ಜಗ್ಗುವುದಿಲ್ಲ. ಗುಳಿಗೆ ನುಂಗಿದ ಮೇಲೆ ಒಳಪೊರೆ ಕಳಚಿ ರಕ್ತ ಹೋಗುತ್ತದೆ, ‘ಎಲ್ಲ ಆಯಿತು’ ಎಂದು ಮನೆಯವರು ನಿರಾಳರಾಗುತ್ತಾರೆ, ನಳಿಕೆಯಲ್ಲಿಯೋ ಮೂಲೆಯಲ್ಲಿಯೋ ಗರ್ಭ ಬೆಳೆಯುತ್ತಲೇ ಇರುತ್ತದೆ. ಎರಡನೆಯದು ‘ನನಗೆ ಆಪರೇಶನ್ ಆಗಿದೆ’ ಎಂಬ ಮಾತು. ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾಗುವುದು ಅಪರೂಪ. ವಿಫಲವಾದರೆ ಆ ಗರ್ಭ ಎಕ್ಟೋಪಿಕ್ ಆಗಿರುವ ಸಂಭವ ಬಹಳ ಹೆಚ್ಚು. ಆಪರೇಶನ್ ಆದವಳ ಮುಟ್ಟು ತಪ್ಪಿ ಹೊಟ್ಟೆ ನೋಯುತ್ತಿದ್ದರೆ ಮೂತ್ರ ಪರೀಕ್ಷೆ ಮಾಡಿಯೇ ಮುಂದಿನ ಮಾತು.

ತಲೆ ಸುತ್ತಿ ಬೀಳುವುದು, ಹೊಟ್ಟೆನೋವಿನ ಜೊತೆ ಹೆಗಲ ತುದಿಯಲ್ಲಿ ನೋವು, ಬಿಳಿಚಿಕೊಂಡ ಮುಖ: ಇವು ಒಳಗೆ ರಕ್ತ ಹರಿಯುತ್ತಿರುವ ಸೂಚನೆ. ರಕ್ತವು ಎದೆ ಮತ್ತು ಹೊಟ್ಟೆಯ ನಡುವಿನ ಪದರವಾದ ವಪೆಯನ್ನು ಕೆರಳಿಸಿದಾಗ ನೋವು ಹೆಗಲಿಗೆ ಬರುತ್ತದೆ. ‘ವಾಯು ಹಿಡಿದಿದೆ’ ಎಂದು ಎಣ್ಣೆ ತಿಕ್ಕುತ್ತ ಕೂರುವ ಹೊತ್ತಲ್ಲ ಅದು. ಎಳೆಯ ಪ್ರಾಯದವರ ರಕ್ತದೊತ್ತಡ ಕೊನೆಯವರೆಗೂ ಸರಿಯಾಗಿಯೇ ಇದ್ದು ಒಮ್ಮೆಲೇ ಕುಸಿಯುವುದುಂಟು. 108ಕ್ಕೆ ಕರೆ ಮಾಡಿ ರಕ್ತನಿಧಿ ಇರುವ ಆಸ್ಪತ್ರೆಗೆ ಒಯ್ಯಬೇಕು. ಒಡೆಯುವ ಮೊದಲೇ ಅಪರೂಪದ ಜಾಗ ಎಂದು ಗೊತ್ತಾದವರಿಗೆ ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು ಸರಿಯಾದ ಜಾಗ. ಕಳುಹಿಸುವ ವೈದ್ಯರು ಮೊದಲು ಫೋನ್ ಮಾಡಿ, ರಕ್ತಸ್ರಾವ ತಡೆಯಲು ಗರ್ಭಕೋಶದ ರಕ್ತನಾಳವನ್ನು ತೂರುನಳಿಕೆಯಿಂದ (ಕ್ಯಾತಿಟರ್) ಮುಚ್ಚುವ ಸೌಲಭ್ಯ ಆ ಹೊತ್ತಿಗೆ ಅಲ್ಲಿ ಸಿಗುವುದೇ ಎಂದು ವಿಚಾರಿಸಿದರೆ ಆಂಬುಲೆನ್ಸ್ ಎರಡು ಊರು ಸುತ್ತುವುದು ತಪ್ಪುತ್ತದೆ. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ, ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದನ್ನು ಗಡಿಬಿಡಿಯಲ್ಲಿ ಮರೆಯಬಾರದು.

ಚಿಕಿತ್ಸೆ ಮುಗಿದು ಮನೆಗೆ ಬರುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ‘ಎಕ್ಟೋಪಿಕ್’ ಎಂದಿದ್ದರೆ ಸಾಲದು. ಯಾವ ಜಾಗದಲ್ಲಿತ್ತು, ಏನು ತೆಗೆದರು, ಗರ್ಭಕೋಶದ ಗೋಡೆಯನ್ನು ಹೊಲಿದರೇ ಎಂಬುದನ್ನು ಬರೆಸಿಕೊಳ್ಳಬೇಕು. ಮೆಥೊಟ್ರೆಕ್ಸೇಟ್ ಕೊಟ್ಟಿದ್ದರೆ ಮೂರು ತಿಂಗಳು ಗರ್ಭ ಬೇಡ. ಗರ್ಭಕೋಶದ ಮೂಲೆಯನ್ನೋ ಕಲೆಯನ್ನೋ ಕೊಯ್ದು ಹೊಲಿದಿದ್ದರೆ ಇನ್ನೂ ಹೆಚ್ಚು ಕಾಲ ಕಾಯಬೇಕು, ಮುಂದಿನ ಹೆರಿಗೆ ನೋವು ಶುರುವಾಗುವ ಮೊದಲೇ ಸಿಜೇರಿಯನ್ ಮೂಲಕ ಆಗಬೇಕಾಗಬಹುದು. ಆ ಹೆರಿಗೆ ಬೇರೆ ಊರಿನಲ್ಲಿ, ಬೇರೆ ವೈದ್ಯರ ಕೈಯಲ್ಲಿ ಆಗುವ ಸಂಭವವೇ ಹೆಚ್ಚು. ಅವರ ಕೈಗೆ ಸಿಗುವುದು ಈ ಚೀಟಿ ಮಾತ್ರ. ಅದನ್ನು ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್ ಇಟ್ಟ ಡಬ್ಬಿಯಲ್ಲಿಯೇ ಇಡಬೇಕು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದೂ ಇಟ್ಟುಕೊಳ್ಳಬೇಕು.